ಕಂಬಿಯ ಎಡಭಾಗ

ಅವನು ಕಟ್ಟುಹಲ್ಲು ಮಾಡುವವನು. ಡಾಕ್ಟರು ಅಚ್ಚು ತೆಗೆದು ಕಳಿಸಿದ ದವಡೆಗೆ ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸುತ್ತ ಇಪ್ಪತ್ತು ವರ್ಷ ಸವೆಸಿದ್ದ. ಅವನಿಗಿದ್ದ ಹುಚ್ಚು ಒಂದೇ, ನಾಲ್ವರ ಒಂದು ರಾಕ್ ಬ್ಯಾಂಡು. ಮನೆಯಲ್ಲಿ ಕೂತು ಕೇಳಿ ತೃಪ್ತಿಪಡುವ ಜಾತಿಯವನಲ್ಲ. ಎದುರಿಗೇ ನಿಂತು ಡ್ರಮ್ಮಿನ ಪೆಟ್ಟು ಎದೆಗೂಡಿಗೆ ಬೀಳಬೇಕು. ಮೂವತ್ತೊಂದು ಸಲ ನೋಡಿದ್ದ, ಪ್ರತಿ ಸಲವೂ ವೇದಿಕೆ ಮುಂದಿನ ಕಂಬಿ ಹಿಡಿದು. "ಹೊರಟ್ರಾ ಕಂಬಿ ಎಣಿಸೋಕೆ?" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಕಂಬಿ ಸಿಗಬೇಕಾದರೆ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿರಬೇಕು. ಅಲ್ಲಿ ಅವನಿಗೆ ಜೊತೆ ಅಕ್ಕ. ಒಡಹುಟ್ಟಿದವಳಲ್ಲ; ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವನನ್ನು "ಹಲ್ಲಿನ ಮೇಷ್ಟ್ರೇ" ಅನ್ನುತ್ತಿದ್ದಳು. ಹದಿನೇಳು ವರ್ಷದಲ್ಲಿ ಒಬ್ಬರ ಫೋನ್ ನಂಬರು ಇನ್ನೊಬ್ಬರು ಕೇಳಿರಲಿಲ್ಲ. ಬ್ಯಾಂಡ್ ಬಂದರೆ ಅಕ್ಕ ಬರುತ್ತಾಳೆ, ಅಷ್ಟೇ. ಒಳಗೆ ಹೋದ ಮೇಲೆ ಎಡಭಾಗದಲ್ಲಿ, ಬೇಸ್ ಗಿಟಾರಿನವನ ಎದುರು, ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವರು.

ಈ ಸಲ ಹತ್ತಾದರೂ ಅಕ್ಕನ ಸುಳಿವಿಲ್ಲ. ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗಿ ಸಾಲಿನವರ ಮುಖ ನೋಡುತ್ತ ಬಂದು ಅವನೆದುರು ನಿಂತಳು.

"ಹಲ್ಲಿನ ಮೇಷ್ಟ್ರು ನೀವೇನಾ? ನಾನು ಅಂಚೆ ಕಚೇರಿಯವರ ಮಗಳು."

"ಅಕ್ಕಂಗೆ ಏನಾಯ್ತು?"

"ಏನೂ ಆಗಿಲ್ಲ. ಮನೇಲಿ ಗಟ್ಟಿಮುಟ್ಟಾಗೇ ಇದ್ದಾರೆ. ಸಾಕಾಯ್ತಂತೆ."

"ಏನು ಸಾಕಾಯ್ತು?"

"ಇದೇ." ಹುಡುಗಿ ಗೇಟಿನತ್ತ ಕೈ ತೋರಿಸಿದಳು. "ಹೋದ ತಿಂಗಳು ಇವರ ಹಾಡು ಹಾಕಿದ್ರು, ಏನೂ ಅನ್ನಿಸ್ಲಿಲ್ವಂತೆ. ನೀವು ಕಾಯ್ತಾ ಇರ್ತೀರ, ಹೋಗಿ ಹೇಳ್ಬಾ ಅಂದ್ರು. ನಂಬರ್ ಕೊಡ್ಲಾ?"

"ಬೇಡಮ್ಮ. ಹೇಳಿದೆ ಅನ್ನು, ಸಾಕು."

ಸತ್ತಿದ್ದರೆ ಅತ್ತು ಹಗುರಾಗಬಹುದಿತ್ತು. ಇದಕ್ಕೆ ಏನು ಮಾಡಬೇಕೆಂದೇ ಅವನಿಗೆ ತೋಚಲಿಲ್ಲ. ಸಾಲು ಮುಂದೆ ಸರಿದಾಗ ತಾನೂ ಸರಿದ.

ನಾಲ್ಕಕ್ಕೆ ಬ್ಯಾಂಡು ವೇದಿಕೆ ಏರಿತು. ಅದೇ ಎಡಭಾಗ ಸಿಕ್ಕಿತ್ತು. ಅಕ್ಕನ ಜಾಗದಲ್ಲಿ ಒಬ್ಬ ದಪ್ಪ ಆಸಾಮಿ ಮೊಣಕೈ ಊರಿದ್ದ. ಡ್ರಮ್ಮಿನ ಪೆಟ್ಟು ಎದೆಗೆ ಬಿತ್ತು, ಆದರೆ ಪಕ್ಕದ ಮನೆಯ ಬಾಗಿಲು ಯಾರೋ ಬಡಿದ ಹಾಗೆ. ಅವನು ಒಂದು ಪದವೂ ತಪ್ಪದಂತೆ ಎಲ್ಲ ಹಾಡು ಹಾಡಿದ. ಕೈ ಎತ್ತುವಲ್ಲಿ ಕೈ ಎತ್ತಿದ. ಕೊನೆಗೆ ಬೇಸ್ ಗಿಟಾರಿನವನು ತಂತಿ ಮೀಟುವ ಬಿಲ್ಲೆಯನ್ನು ಜನರತ್ತ ಎಸೆದ. ಅದು ನೇರವಾಗಿ ಅವನ ತೋಳಿನ ಮೇಲೆ ಬಿತ್ತು. ವರ್ಷಗಟ್ಟಲೆ ಬಾಯಿಬಾಯಿ ಬಿಟ್ಟುಕೊಂಡು ಕಾದಿದ್ದ ವಸ್ತು. ಅವನು ಅದನ್ನು ಪಕ್ಕದ ಆಸಾಮಿಗೆ ಕೊಟ್ಟುಬಿಟ್ಟ. ಆತ "ಅಣ್ಣಾ! ಅಣ್ಣಾ!" ಎಂದು ತಬ್ಬಿಕೊಂಡು ಗಳಗಳ ಅತ್ತ. ಇವನು ಅವನ ಬೆನ್ನು ತಟ್ಟುತ್ತ ನಿಂತ.

"ಹೇಗಿತ್ತು?" ಎಂದಳು ಹೆಂಡತಿ, ಮನೆಗೆ ಬಂದಾಗ.

"ಚೆನ್ನಾಗಿ ನುಡಿಸಿದ್ರು."

ಊಟ ಸೇರಿತು, ನಿದ್ದೆಯೂ ಬಂತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬ್ಯಾಂಡಿನ ಮುಂದಿನ ಊರಿನ ಟಿಕೆಟ್ ಮಾರಾಟ. "ಹತ್ತಾಯ್ತಲ್ಲ ಮಾರಾಯ, ಬುಕ್ ಮಾಡಲ್ವಾ?" ಎಂದು ಲ್ಯಾಬಿನಲ್ಲಿ ಪಕ್ಕದ ಮೇಜಿನವನು ನೆನಪಿಸಿದ.

"ಈ ದವಡೆ ಮುಗೀಲಿ."

ಮುಗಿದಾಗ ಹನ್ನೆರಡು ದಾಟಿತ್ತು. ಕಂಬಿಯತ್ತ ನಿಂತು ನೋಡುವ ಟಿಕೆಟ್ಟೆಲ್ಲ ಮಾರಾಟವಾಗಿ ಹಿಂದಿನ ಬಾಲ್ಕನಿ ಮಾತ್ರ ಉಳಿದಿತ್ತು, ಕೂತು ನೋಡುವ ಕುರ್ಚಿಗಳು. ಮೇಣದ ಕೈ ಒರೆಸಿಕೊಂಡು ಅವನು ಫೋನಿನಲ್ಲಿ ಒಂದು ಕುರ್ಚಿಯ ಮೇಲೆ ಒತ್ತಿದ.