ಸೆರಗಿನ ಮರೆಯ ಬಾವು

ರೊಟ್ಟಿ ಬಡಿಯುತ್ತಿದ್ದ ಸಹನಾ ಎರಡನೆಯ ರೊಟ್ಟಿಗೇ ಏದುಸಿರು ಬಿಡುತ್ತ ಗೋಡೆಗೆ ಒರಗಿದಳು. ತೊಟ್ಟಿಲಲ್ಲಿ ಕೂಸು ಚೀರುತ್ತಿತ್ತು. ಸೊಸೆಯ ಹಣೆ ಮುಟ್ಟಿದ ಮಾಲವ್ವ ಕೈ ಹಿಂದೆಗೆದಳು, ಕಾದ ಹಂಚಿನಂತಿತ್ತು. ಸೊಸೆಯ ಮೊಲೆಯ ಬಾವಿಗೆ ಅರಿಸಿನ ಅರೆದು ಹಚ್ಚುತ್ತಿದ್ದವಳು ಅವಳೇ. ಮಗ ಸಾಗರ ಕಾರ್ಖಾನೆಯ ಪಾಳಿ ಮುಗಿಸಿ ಬರುವಾಗ ಮೆಡಿಕಲ್ ಅಂಗಡಿಯಿಂದ ಗುಳಿಗೆ ತರುತ್ತಿದ್ದ. ನುಂಗಿದರೆ ಜ್ವರ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು.

ದಾಂಡೇಲಿಯ ಆಸ್ಪತ್ರೆಯಲ್ಲಿ ಡಾಕ್ಟರು ಸಹನಾಳನ್ನು ಕೇಳಿದ್ದಕ್ಕೆಲ್ಲ ಸಾಗರನೇ ಉತ್ತರಿಸಿದ.

"ಯಾವಾಗಿನಿಂದ ಜ್ವರಮ್ಮ?"

"ನಿನ್ನೆ ಮೊನ್ನಿಯಿಂದ್ರೀ."

"ಮೈಮೇಲೆ ಗಾಯ, ಬಾವು ಏನಾದರೂ?"

"ಏನಿಲ್ರೀ. ಬಾಣಂತಿ, ನಿತ್ರಾಣ ಅಷ್ಟ."

ಸಹನಾ ಬಾಯಿ ತೆರೆದಳು. ಗಂಡ ನೋಡಿದ, ಮುಚ್ಚಿಕೊಂಡಳು. ಮನೆಯಲ್ಲೇ ಆತ ತಾಕೀತು ಮಾಡಿದ್ದ: "ಗಂಡಸ ಡಾಕ್ಟರ್ ಅದಾನ. ಆ ಬಾವಿನ ಸುದ್ದಿ ತಗೀಬ್ಯಾಡ. ಮರ್ಯಾದಿ ಹೋಗತೈತಿ." ಆಗ ಮಾಲವ್ವನೂ ಹೌದೆಂದು ತಲೆಯಾಡಿಸಿದ್ದಳು.

ಈಗ ಸೊಸೆಯ ತುಟಿ ನೀಲಿಗಟ್ಟುತ್ತಿತ್ತು. ಮಗನ ಇಸ್ತ್ರಿ ಅಂಗಿ ಕಂಡು, ಸುಳ್ಳಾಡುವಾಗಲೂ ನಡುಗದ ಅವನ ದನಿ ಕೇಳಿ ಮಾಲವ್ವನ ಮೈ ಉರಿಯಿತು. ಜೀವ ಹೋಗುವುದು ಇವಳದು, ಮರ್ಯಾದೆ ಮಾತ್ರ ಇವನದೇ?

"ನೀ ಹೊರಗ ನಡಿ."

"ಅವ್ವಾ, ನಾ ಹೇಳಾಕತ್ತೇನಲ್ಲ..."

"ಜ್ವರ ನಿನಗ ಬಂದೈತೇನು? ನಡಿ!"

ಅವನು ಹೋದ ಮೇಲೆ ಸಹನಾ ಅತ್ತೆಯ ಕೈ ಹಿಡಿದು ಹೇಳಿದಳು: "ಮೊಲಿಗೆ ಬಾವು ಆಗೇತ್ರೀ. ತಿಂಗಳಾತು. ಕೀವು ಬರತೈತಿ. ಈಗ ಎದಿ ಡವಡವ ಅಂತೈತಿ."

ಡಾಕ್ಟರು ನರ್ಸನ್ನು ಕರೆದು ಪರೀಕ್ಷಿಸಿದರು, ಇಸಿಜಿ ಮಾಡಿಸಿದರು, ಅಂದೇ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಎಕೋ, ರಕ್ತಪರೀಕ್ಷೆ ಆದವು. ಬಾವಿನ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಹೃದಯದ ಸ್ನಾಯುವನ್ನೇ ಹಿಡಿದಿತ್ತು. ಕೀವು ತೆಗೆದರು. ಜ್ವರ ಇಳಿದರೂ ವಾರಗಟ್ಟಲೆ ನರಕ್ಕೆ ಇಂಜೆಕ್ಷನ್ ಬೇಕೆಂದರು.

ಸಹನಾ ಎದ್ದು ಕೂರುವಂತಾದಾಗ ನೆರೆಮನೆಯ ತಾಯವ್ವ ವಾರ್ಡಿಗೆ ನೋಡಲು ಬಂದಳು. ಅವಳ ಮಗಳೂ ಹಸಿ ಬಾಣಂತಿ.

"ಹಾರ್ಟಿಂದು ಸ್ವಲ್ಪ ತ್ರಾಸ್ರೀ," ಎಂದು ಸಾಗರ ತೇಲಿಸಿದ.

"ಮೊಲಿಗೆ ಬಾವು ಆಗಿತ್ತು ತಾಯವ್ವ," ಎಂದಳು ಮಾಲವ್ವ. "ನಾವು ಮುಚ್ಚಿಟ್ವಿ. ಹಾರ್ಟಿಗೆ ಏರಿತು."

ಪಕ್ಕದ ಮಂಚಗಳ ಬಳಿ ಕೂತಿದ್ದ ಗಂಡಸರು ತಿರುಗಿ ನೋಡಿದರು. "ಅವ್ವಾ, ಮೆತ್ತಗ..." ಎಂದ ಸಾಗರ.

"ಯಾಕ ಮೆತ್ತಗ?" ಎಂದದ್ದು ಸಹನಾ. "ತಾಯವ್ವಕ್ಕಾ, ನಿಮ್ಮ ಮಗಳಿಗೂ ಕೆಂಪಗಾಗಿ ಬಿಗಿದಿದ್ರ ಇವತ್ತ ತೋರಸ್ರಿ. ನಾಚಿಕಿ ಅಂತ ಕುಂದರಬ್ಯಾಡ್ರಿ."

ತಾಯವ್ವ ಅಷ್ಟೂ ಗಂಡಸರ ನಡುವೆ, ಕೂತಲ್ಲಿಂದಲೇ ಮಗಳಿಗೆ ಫೋನು ಹಚ್ಚಿದಳು.

"ಯವ್ವಾ, ಖರೇ ಹೇಳು. ಮೊಲಿ ನೋಯಾಕತ್ತೈತೇನು?"