ಮಾವ ಕೊಟ್ಟ ಗಣೆ

ಭಾವಮೈದ ರಾಜಣ್ಣನಿಗೆ ಏದುಸಿರು ಬರುವುದಿಲ್ಲ ಎಂಬುದೇ ಕ್ಯಾತಪ್ಪನ ಹೊಟ್ಟೆಯುರಿ. ಬೆಳಗಿನಿಂದ ಕುರಿಗಳ ಹಿಂದೆ ಗುಡ್ಡ ಹತ್ತಿ ಇಳಿದ ಮನುಷ್ಯ ಜಗಲಿ ಮೇಲೆ ಕೂತ ತಕ್ಷಣ ನಗುತ್ತಾ ಮಾತು ಶುರುಮಾಡುತ್ತಾನೆ. ಕ್ಯಾತಪ್ಪ ಅವನಿಗೊಂದು ಚೊಂಬು ನೀರು ತರಲು ಎದ್ದರೆ ಗೋಡೆ ಹಿಡಿಯಬೇಕು. ಅಕ್ಕನ ಮನೆಗೆ ಬಂದು ಹೀಗೆ ಸಲೀಸಾಗಿ ಉಸಿರಾಡುವುದು ತನ್ನನ್ನು ಅಣಕಿಸಲಿಕ್ಕೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಹದಿನಾಲ್ಕು ವರ್ಷದಿಂದ ಕ್ಯಾತಪ್ಪ ಹಟ್ಟಿಯ ಪಕ್ಕದ ಗುಡ್ಡದಲ್ಲಿ ಜಲ್ಲಿ ಕ್ರಷರಿನವರಿಗಾಗಿ ಬಂಡೆ ಕೊರೆಯುವ ಡ್ರಿಲ್ ಹಿಡಿಯುತ್ತಿದ್ದ. ಸಂಜೆ ಬಂದರೆ ಹುಬ್ಬು, ರೆಪ್ಪೆ, ಕಿವಿಯೆಲ್ಲ ಬೆಳ್ಳಗೆ. ಹೆಂಡತಿ ಜುಂಜಮ್ಮ ಮುಖಕ್ಕೆ ನೀರು ಕೊಟ್ಟರೆ ಹೊರಗಿನ ಧೂಳು ಹೋಗುತ್ತಿತ್ತು. ಒಳಗೆ ಹೋದದ್ದರ ಗೊಡವೆಗೆ ಯಾರೂ ಹೋಗಲಿಲ್ಲ. ಕೆಮ್ಮು ಶುರುವಾದಾಗ ಬೀಡಿಯನ್ನು ಬೈದು ಬೀಡಿ ಬಿಟ್ಟ. ಕೆಮ್ಮು ಅವನನ್ನು ಬಿಡಲಿಲ್ಲ.

ಕೆಮ್ಮಿಗೆ ಅವನು ಹೆದರಿದ್ದು ಗಣೆಯ ದೆಸೆಯಿಂದ. ಗಣೆ ಎಂದರೆ ಜುಂಜಪ್ಪನ ಗುಡಿಯಲ್ಲಿ ನುಡಿಸುವ ಉದ್ದನೆಯ ಬಿದಿರಿನ ಕೊಳಲು. ವರ್ಷಕ್ಕೊಮ್ಮೆ ದೇವರನ್ನು ಗಂಗೆಪೂಜೆಗೆ ಕರೆದೊಯ್ಯುವ ಬೆಳಿಗ್ಗೆ, ಗುಡಿಯ ಬಾಗಿಲಿನಿಂದ ಬಾವಿಯವರೆಗೂ ಗಣೆಯ ದನಿ ಕಡಿಯಕೂಡದು. ಅದು ಆ ಹಟ್ಟಿಯ ಕಟ್ಟಲೆ. ಮಾವ ದೊಡ್ಡರಂಗಪ್ಪ ಮಗ ರಾಜಣ್ಣನಿಗೂ ಅಳಿಯ ಕ್ಯಾತಪ್ಪನಿಗೂ ಒಟ್ಟಿಗೇ ಕಲಿಸಿ, ಕೊನೆಗೆ ಗಣೆಯನ್ನು ಅಳಿಯನ ಕೈಗೆ ಕೊಟ್ಟ. ಅಳಿಯನ ಉಸಿರು ಉದ್ದ ಅಂದ. ಇಪ್ಪತ್ತು ವರ್ಷ ಕ್ಯಾತಪ್ಪ ಆ ಒಂದು ಮಾತಿನ ಮೇಲೆ ಎದೆಯುಬ್ಬಿಸಿ ನಡೆದಿದ್ದ. ಈಗ ಎದೆಯೇ ಕೈಕೊಡುತ್ತಿತ್ತು, ಗಣೆ ರಾಜಣ್ಣನ ಪಾಲಾಗುವ ದಿನ ಕಣ್ಣೆದುರಿಗೆ ಬಂದು ನಿಲ್ಲುತ್ತಿತ್ತು.

ಹೀಗಿರುವಾಗ ಸಿರಾ ಕಡೆಯಿಂದ ಆರೋಗ್ಯ ಕ್ಯಾಂಪಿನವರು ಹಟ್ಟಿಗೆ ಬಂದರು. ಲಾವಣ್ಯ ಎಂಬ ಹುಡುಗಿ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಒಂದು ಪ್ಲಾಸ್ಟಿಕ್ ಕೊಳವೆ ತೋರಿಸಿದಳು. ಎದೆ ತುಂಬ ಉಸಿರೆಳೆದು ಒಮ್ಮೆಲೇ ಊದಬೇಕು, ಕೆಂಪು ಮುಳ್ಳು ಮುಂದಕ್ಕೆ ಓಡುತ್ತದೆ. ಮುಳ್ಳು ಹಿಂದುಳಿದವರಿಗೆ ಎಕ್ಸ್‌ರೇ, ಔಷಧಿ, ಜೊತೆಗೆ ಇನ್ನು ಧೂಳಿನ ಕೆಲಸಕ್ಕೆ ಕಳಿಸಬೇಡಿ ಎಂಬ ಚೀಟಿ. ಇಷ್ಟನ್ನೂ ಅವಳು ಬಿಡಿಸಿ ಹೇಳಿದಳು. ಕ್ಯಾತಪ್ಪನ ತಲೆಗೆ ಹೋದದ್ದು ಊದಬೇಕು, ಮುಳ್ಳು ಓಡುತ್ತದೆ ಎಂಬುದಷ್ಟೆ. ಅವನ ಮುಂದೆ ಸಾಲಿನಲ್ಲಿ ರಾಜಣ್ಣ ನಿಂತಿದ್ದ.

ರಾಜಣ್ಣ ಊದಿದ. ಮುನ್ನೂರ ತೊಂಬತ್ತು. ಸ್ವಲ್ಪ ಕಮ್ಮಿಯೇ ಎಂದು ಲಾವಣ್ಯ ಬರೆದುಕೊಂಡಳು.

ಕ್ಯಾತಪ್ಪನಿಗೆ ಎಲ್ಲಿಲ್ಲದ ಹುರುಪು ಬಂತು. ಕೊಳವೆ ಬಾಯಿಗಿಟ್ಟುಕೊಂಡವನು ಮಾವ ಕಲಿಸಿದ ಪಟ್ಟನ್ನೇ ಹಾಕಿದ: ಗಾಳಿಯನ್ನು ಬಾಯಲ್ಲಿ ಕೂಡಿಟ್ಟು, ನಾಲಿಗೆಯಿಂದ ತಡೆದು, ಫಟ್ಟನೆ ಬಿಡುವುದು. ಗಣೆಯವರು ಇದಕ್ಕೆ ನಾಲಿಗೆ ಕೊಡುವುದು ಅನ್ನುತ್ತಾರೆ. ಎದೆಯಲ್ಲಿ ಉಸಿರಿಲ್ಲದವನೂ ಒಂದು ಗಳಿಗೆ ಉಸಿರಿದ್ದವನಂತೆ ನುಡಿಸಬಹುದು. ಮುಳ್ಳು ಐನೂರ ಇಪ್ಪತ್ತಕ್ಕೆ ಓಡಿತು. ಇನ್ನೆರಡು ಸಲವೂ ಹಾಗೇ ಊದಿದ. ಹುಡುಗಿ ಮೆಚ್ಚಿ, ಚೆನ್ನಾಗಿದೆ ಎಂದು ಕಾರ್ಡಿನಲ್ಲಿ ಬರೆದಳು. ರಾಜಣ್ಣ ಮಾತ್ರ ಭಾವನ ಮುಖವನ್ನೇ ನೋಡುತ್ತಾ ಸುಮ್ಮನೆ ನಿಂತಿದ್ದ. ಸೋತವನ ಮುಖ ಹಾಗೇ ಇರುತ್ತದೆ ಎಂದುಕೊಂಡು ಕ್ಯಾತಪ್ಪ ಆ ಕಾರ್ಡನ್ನು ಮನೆಯ ದೇವರ ಪಟಕ್ಕೆ ಸಿಕ್ಕಿಸಿದ. ಮಾರನೇ ದಿನ ಎಂದಿನಂತೆ ಡ್ರಿಲ್ ಹಿಡಿಯಲು ಹೋದ.

ಗೆದ್ದ ಖುಷಿ ಒಂದು ವಾರವೂ ಬಾಳಲಿಲ್ಲ. ರಾಜಣ್ಣನಿಗೆ ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಬಣ್ಣದ ಔಷಧಿ ಕೊಟ್ಟಿದ್ದರು. ಅವನು ಕ್ರಷರಿನ ಕಡೆ ಮೇಯಿಸುವುದು ಬಿಟ್ಟು ಕುರಿಗಳನ್ನು ಮದಲೂರು ಕೆರೆಯ ಮಗ್ಗುಲಿಗೆ ಹೊಡೆದುಕೊಂಡು ಹೋದ. ತಿಂಗಳೊಪ್ಪತ್ತಿನಲ್ಲಿ ಅವನ ಮುಖಕ್ಕೆ ಕಳೆ ಬಂತು. ಮುನ್ನೂರ ತೊಂಬತ್ತರವನಿಗೆ ಔಷಧಿಯಂತೆ, ಐನೂರ ಇಪ್ಪತ್ತರವನಿಗೆ ಬರೀ ಕಾರ್ಡಂತೆ! ಕ್ಯಾತಪ್ಪನಿಗೆ ಈಗ ಆ ನೀಲಿ ಡಬ್ಬಿಯ ಮೇಲೂ ಹೊಟ್ಟೆಕಿಚ್ಚು. ಆಸ್ಪತ್ರೆಗೆ ಹೋಗೋಣ ಎಂದು ಜುಂಜಮ್ಮ ಅಂಗಲಾಚಿದಾಗೆಲ್ಲ ಅವನು ಕಾರ್ಡಿನ ಕಡೆ ಕೈ ತೋರಿಸುತ್ತಿದ್ದ.

ನಾಲ್ಕು ತಿಂಗಳಿಗೆ ಗಂಗೆಪೂಜೆ ಬಂತು. ಗುಡಿಯ ಬಾಗಿಲಲ್ಲಿ ಕ್ಯಾತಪ್ಪ ಗಣೆ ಎತ್ತಿಕೊಂಡ. ಹುಣಸೆಮರದವರೆಗೆ ನಾಲಿಗೆಯ ಬಲದಿಂದ ನಡೆದ. ಆಮೇಲೆ ಕೂಡಿಡಲು ಬಾಯಲ್ಲೂ ಗಾಳಿ ಉಳಿಯಲಿಲ್ಲ. ದನಿ ಕಡಿಯಿತು. ಹಟ್ಟಿಗೆ ಹಟ್ಟಿಯೇ ನಿಂತು ನೋಡುತ್ತಿರುವಾಗ ಮೊಣಕಾಲೂರಿ ಕೆಮ್ಮಿದ. ರಾಜಣ್ಣ ಬಂದು ಅವನ ಕೈಯಿಂದ ಗಣೆ ತೆಗೆದುಕೊಂಡು ಬಾವಿಯವರೆಗೂ ಕಡಿಯದಂತೆ ನುಡಿಸಿದ. ಅದೇ ಗಣೆ, ಅದೇ ಮಟ್ಟು. ನೆಲದಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದ ಕ್ಯಾತಪ್ಪನಿಗೆ, ಇವನ ಎದೆಯೂ ಒಡೆಯಬಾರದೇ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಮಾರನೇ ಬೆಳಿಗ್ಗೆ ರಾಜಣ್ಣ ಬೈಕ್ ತಂದು ಮನೆ ಮುಂದೆ ನಿಲ್ಲಿಸಿದ. ಜಗಲಿಯ ತುದಿಗೆ ಕೂತು, ತಲೆ ತಗ್ಗಿಸಿಯೇ ಮಾತು ತೆಗೆದ.

"ಭಾವ, ಅವತ್ತು ನೀನು ನಾಲ್ಗೆ ಕೊಟ್ಟಿದ್ದು ನಂಗೆ ಗೊತ್ತಾಯ್ತು. ಇಬ್ರೂ ಒಬ್ಬನ್ ತಾವೇ ಕಲ್ತೋರು. ಆ ಹುಡ್ಗೀಗೆ ಒಂದ್ ಮಾತು ಹೇಳ್ಬೋದಿತ್ತು, ಹೇಳ್ನಿಲ್ಲ."

ಯಾಕೆ ಎಂದು ಕ್ಯಾತಪ್ಪ ಕಣ್ಣಲ್ಲೇ ಕೇಳಿದ.

"ನಮ್ಮಪ್ಪನ ಗಣೆ ನಿನ್ ಕೈಯಾಗೆ ನೋಡಿ ನೋಡಿ ಹೊಟ್ಟೆ ಉರ್ದೋಗಿತ್ತು. ಇವನು ಹಿಂಗೇ ಇರ್ಲಿ, ತಾನಾಗೇ ಬೀಳ್ತಾನೆ ಅಂದ್ಕಂಡ್ ಬುಟ್ಟೆ."

ಇಷ್ಟು ದಿನ ಆ ಉರಿ ತನ್ನೊಬ್ಬನದೇ ಎಂದುಕೊಂಡಿದ್ದ ಕ್ಯಾತಪ್ಪ ಅವನನ್ನು ಹೊಸದಾಗಿ ನೋಡುವಂತೆ ನೋಡಿದ. ಬೈಯಲು ಬಾಯಿ ತೆರೆದರೆ ಕೆಮ್ಮು ಬಂತು. ಎದ್ದು ಬೈಕಿನ ಹಿಂದೆ ಕೂತ.

ಸಿರಾದ ಆಸ್ಪತ್ರೆಯಲ್ಲಿ ಲಾವಣ್ಯ ಅದೇ ಕೊಳವೆ ಕೊಟ್ಟಳು. ಕ್ಯಾತಪ್ಪ ಈ ಸಲ ನಾಲಿಗೆಯನ್ನು ಕೆಳಗೆ ಒತ್ತಿ ಹಿಡಿದು ಬರೀ ಎದೆಯಿಂದ ಊದಿದ. ನೂರ ಎಪ್ಪತ್ತು. ಕೊಳವೆ ಕೆಟ್ಟಿರಬೇಕೆಂದು ಅವಳು ಇನ್ನೊಂದು ಕೊಟ್ಟಳು. ನೂರ ಅರವತ್ತು. ಎಕ್ಸ್‌ರೇ ನೋಡಿದ ಡಾಕ್ಟರು, ಒಳಗೆ ಕೂತ ಕಲ್ಲುಧೂಳು ಹೊರಗೆ ಬರುವುದಿಲ್ಲ, ಔಷಧಿಯಿಂದ ಕೆಮ್ಮು ಒಂದಿಷ್ಟು ತಗ್ಗಬಹುದು ಅಷ್ಟೆ ಎಂದರು. ನಾಲ್ಕು ತಿಂಗಳ ಹಿಂದೆ ಡ್ರಿಲ್ ಬಿಟ್ಟಿದ್ದರೆ ಇನ್ನಷ್ಟು ಉಸಿರಾದರೂ ಉಳಿಯುತ್ತಿತ್ತೇನೋ ಎಂದೂ ಹೇಳಿದರು. ರಾಜಣ್ಣ ಬಾಗಿಲ ಬಳಿಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಹೊರಗೆ ಬಂದ ಮೇಲೆ ಅವನು ಬೈಕಿನ ಪಕ್ಕದಲ್ಲಿ ನಿಂತು, ಗಣೆ ನಿನ್ನ ಮನೆಯಲ್ಲೇ ಇರಲಿ, ನಾನು ಮುಟ್ಟುವುದಿಲ್ಲ ಎಂದ. ಆಣೆ ಇಡಲು ಕೈ ಚಾಚಿದ.

ಕ್ಯಾತಪ್ಪ ಆ ಕೈಯನ್ನು ಪಕ್ಕಕ್ಕೆ ಸರಿಸಿದ. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದ.

"ಗಣೆ ನೀನೇ ಮಡಿಕ್ಕೊ ಕಣ್ಲಾ. ಉಸ್ರು ಕೊಡಂಗಿದ್ರೆ... ಅದ್ನ ಕೊಡು."

ರಾಜಣ್ಣ ಬೈಕ್ ಹತ್ತಿದ. ದಾರಿಯುದ್ದಕ್ಕೂ ಕ್ಯಾತಪ್ಪ ಅವನ ಬೆನ್ನಿಗೆ ಒರಗಿಕೊಂಡು, ಆ ಬೆನ್ನು ನಿರಾಳವಾಗಿ ಏರಿ ಇಳಿಯುವುದನ್ನು ಎಣಿಸುತ್ತಾ ಬಂದ.