ಉಪವಾಸಕ್ಕೆ ಸಂದ ನಮಸ್ಕಾರ

ಸೀಸೆಯ ಕುತ್ತಿಗೆಗೆ ಕಟ್ಟಿದ ದಾರ, ದಾರದ ತುದಿಯಲ್ಲೊಂದು ಗಂಟು, ಆ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಕುಳಿತ ಮುದುಕ — ಔಷಧಕ್ಕೆಂದು ಮನೆಯಿಂದ ಸೀಸೆ ತಂದವರೇ ಬೆಂಚಿನ ತುಂಬ, ಅತ್ತೆಯೂ ತಂದಿದ್ದಾರೆ, ಬಿಸಿನೀರಿನಲ್ಲಿ ಮೂರು ಸಲ ತೊಳೆದದ್ದು, ಸೊಸೆಯ ಟಾನಿಕ್ಕಿಗೆ. ಮಾಲಿನಿ ಅದನ್ನು ನೋಡುತ್ತಾಳೆ, ನೋಡುತ್ತಿರುವವಳು ತಾನೋ ಇನ್ಯಾರೋ ಎನ್ನುವಷ್ಟು ದೂರದಿಂದ. ತೀರ್ಥಹಳ್ಳಿಯ ಡಾಕ್ಟರ ಜಗಲಿ ತಣ್ಣಗಿದೆ, ಮಾಘದ ಬಿಸಿಲು ಮೆಟ್ಟಿಲಿನವರೆಗೆ ಬಂದು ನಿಂತಿದೆ. ಜ್ವಾಲಾಮಾಲಿನಿ, ವಯಸ್ಸು ಇಪ್ಪತ್ಮೂರು, ಹುಂಚದ ಜಯರಾಜನ ಹೆಂಡತಿ, ನಾಲ್ಕು ದಿನದ ಹಿಂದೆ ಬಾವಿಕಟ್ಟೆಯಲ್ಲಿ ಕೊಡದ ಸಮೇತ ಕುಸಿದವಳು — ಚೀಟಿಯಲ್ಲಿ ಬರೆಯಲು ಇಷ್ಟು ಸಾಕು, ನಿಶ್ಶಕ್ತಿ ಎಂದು ಇನ್ನೊಂದು ಪದ ಸೇರಿಸಿದರೆ ಮುಗಿಯಿತು. ಆದರೆ ಒಳಗೆ ಹೋದರೆ ಡಾಕ್ಟರು ಕೇಳುತ್ತಾರೆ, ಏನಾಗಿದೆ ಎಂದು, ಅದಕ್ಕಿರುವ ನಿಜವಾದ ಉತ್ತರ ಎಂಟು ತಿಂಗಳಿನಿಂದ ನಾಲಗೆಯ ಹಿಂದೆ ಕುಳಿತಿದೆ, ಅತ್ತೆಯ ಮುಂದೆ ಬಾಯಿಗೆ ಬರಬಾರದ್ದು: ಹಿತ್ತಲಿಗೆ ಹೋದಾಗಲೆಲ್ಲ ರಕ್ತ ಹೋಗುತ್ತದೆ.

ಬೆಳಿಗ್ಗೆ ಬಸ್ಸಿನ ದಾರಿಯಲ್ಲಿಯೂ ಹೋಯಿತು — ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ, ಬೆನ್ನಿಗೆ ಇದ್ದಿಲಿನ ಒಲೆ ಹೊತ್ತ ಬಸ್ಸು ಏರಿನಲ್ಲಿ ಸುಸ್ತಾಗಿ ನಿಂತಾಗ ಎರಡು ಸಲ ಪೊದೆಯ ಮರೆಗೆ ಹೋಗಿ ಬಂದಳು, ಮೂರನೆಯ ಸಲ ಚೆನ್ನಾಗಿ ಓಡುತ್ತಿದ್ದ ಬಸ್ಸನ್ನೇ ನಿಲ್ಲಿಸಬೇಕಾಯಿತು, ಕಂಡಕ್ಟರ್ ನಿಂಗಪ್ಪ ಬಾಗಿಲಿಗೆ ಜೋತುಬಿದ್ದು, ಏನ್ರಮ್ಮಾ, ನಿಮ್ ಸೊಸೇರು ದಾರೀಲಿರೋ ಗಿಡಾನೆಲ್ಲ ಮಾತಾಡ್ಸ್ಕೊಂಡೇ ಬರ್ತಾರಾ ಹೆಂಗೆ; ಅತ್ತೆ ಗದರಿದರು, ಬಾಯ್ಮುಚ್ಚೋ ನಿಂಗಪ್ಪ, ಪರ್ವಕ್ಕೆ ಹತ್ತು ದಿನ ಬರೀ ನೀರಲ್ಲಿ ಉಪವಾಸ ಇದ್ದ ಜೀವ ಅದು, ನೀನು ಒಂದು ಗಳಿಗೆ ಬೀಡಿ ಬಿಟ್ಟಿರು ನೋಡಾಣ. ಬಸ್ಸೆಲ್ಲ ನಕ್ಕಿತು, ಆಮೇಲೆ ಎಲ್ಲರೂ ತಿರುಗಿ ಅವಳನ್ನು ಭಕ್ತಿಯಿಂದ ನೋಡಿದರು, ಹಿಂದಿನ ಸೀಟಿನ ಒಬ್ಬಾಕೆ ಕೈಯನ್ನೂ ಮುಗಿದಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ನಾಚಿಕೆಯಿದ್ದ ಜಾಗವನ್ನು ಯಾರೋ ಗುಡಿಸಿ ಹೋದಂತಿದೆ, ಹೊಟ್ಟೆಯ ಎಡಭಾಗವೊಂದು ಮಾತ್ರ ತನ್ನ ಪಾಡಿಗೆ ಕಿವುಚುತ್ತದೆ, ಬಿಡುತ್ತದೆ, ಮತ್ತೆ ಕಿವುಚುತ್ತದೆ.

ಹತ್ತು ದಿನ — ಮೊದಲು ಒಂದೇ ದಿನವಿತ್ತು. ಜ್ಯೇಷ್ಠದಲ್ಲಿ ರಕ್ತ ಶುರುವಾದಾಗ ಉಷ್ಣವೆಂದುಕೊಂಡಳು, ಬಾರ್ಲಿ ನೀರು ಕುಡಿದಳು, ಹೋಗುತ್ತದೆ ಎಂದುಕೊಂಡಳು, ಹೋಗಲಿಲ್ಲ. ಅಷ್ಟಮಿಯ ಉಪವಾಸದಂದು ಹೊಟ್ಟೆ ಸುಮ್ಮನಿತ್ತು, ಉಂಡರೆ ನೋವು, ಉಣ್ಣದಿದ್ದರೆ ಶಾಂತಿ, ಹಾಗಾಗಿ ಚತುರ್ದಶಿಗೂ ಉಣ್ಣಲಿಲ್ಲ, ಬರಬರುತ್ತ ದಿನಕ್ಕೊಂದೇ ಊಟ, ಅತ್ತೆ ಬಂದವರಿಗೆಲ್ಲ ಹೇಳತೊಡಗಿದರು, ನಮ್ಮ ಮನೇಗೆ ಎಂಥಾ ಸೊಸೆ ಬಂದ್ಳು ನೋಡಿ, ಹೇಳದೇ ಕೇಳದೇ ವ್ರತ ಹಿಡಿದಿದಾಳೆ. ವ್ರತವೆಂದು ಅವಳು ಹೇಳಿರಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವಕ್ಕೆ ಹತ್ತೂ ದಿನ ಕಾಸಿ ಆರಿಸಿದ ನೀರು, ಅದೂ ಹಗಲು ಮಾತ್ರ, ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈಯವರೆಗೆ ಜಾರಿತು, ತಪಸ್ಸಿನ ಕಳೆ ಅಂದರು. ಹನ್ನೊಂದನೆಯ ದಿನ ಪಾರಣೆ, ಬಸದಿಯಿಂದ ಮನೆಯವರೆಗೆ ವಾಲಗ, ಹೆಂಗಸರು ಸಾಲಾಗಿ ಬಂದು ಅವಳ ಕಾಲು ಮುಟ್ಟಿದರು, ಕಟ್ಟಕಡೆಗೆ ಅತ್ತೆ, ಅರವತ್ತು ದಾಟಿದ ವಿಜಯಲಕ್ಷ್ಮಮ್ಮ, ಸೆರಗು ಹೊದ್ದು ಬಾಗಿ ಸೊಸೆಯ ಪಾದಕ್ಕೆ ಹಣೆ ಹಚ್ಚಿದರು, ಆ ಹಣೆಯ ಬೆವರು ಪಾದಕ್ಕೆ ತಾಗಿತು, ಕಾಲು ಹಿಂದಕ್ಕೆಳೆದುಕೊಳ್ಳಬಹುದಿತ್ತು, ಎಳೆದುಕೊಳ್ಳಲಿಲ್ಲ. ಕುಡಿದ ಹೆಸರುಬೇಳೆಯ ಕಟ್ಟು ಹೊಟ್ಟೆಗಿಳಿಯುವಷ್ಟರಲ್ಲಿ ಹಿತ್ತಲಿಗೆ ಓಡಿದ್ದಳು. ಜಯರಾಜ ಸಾಗರದ ಜವಳಿ ಅಂಗಡಿಯಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ, ಗೌರವದಿಂದ ಆಚೆ ಮಗ್ಗುಲಾಗಿ ಮಲಗುತ್ತಾನೆ, ಮುಟ್ಟೋಕೇ ಹೆದರಿಕೆ ಆಗತ್ತೆ ಕಣೇ, ದೇವ್ರ ಹಂಗಾಗಿದೀಯ. ಹಿತ್ತಲಲ್ಲಿ ರಕ್ತ ಕಂಡವಳು ಕೊಟ್ಟಿಗೆ ಕೆಲಸದ ಕೆರಿಯಮ್ಮ ಒಬ್ಬಳೇ, ಕಂಡು ಬುಟ್ಟಿ ಕೆಳಗಿಟ್ಟು, ಅಮ್ಮಾ, ಇದು ನೆತ್ರ, ಮೂಲವ್ಯಾಧಿ ಇದ್ರೂ ಇರ್ಬೋದು, ಸುವರ್ಣಗಡ್ಡೆ ಬೇಯ್ಸಿ ಮಜ್ಜಿಗೇಲಿ ತಿನ್ನಿ. ನಾವು ಗಡ್ಡೆ ತಿನ್ನಲ್ಲ ಕೆರಿಯಮ್ಮ. ಅಯ್ಯೋ, ಗಡ್ಡೆ ತಿನ್ನಲ್ಲ, ಅನ್ನಾನೂ ತಿನ್ನಲ್ಲ, ಇನ್ನೇನ್ ಗಾಳಿ ತಿಂದ್ಕೊಂಡಿರ್ತೀರಾ, ನಮ್ಮಣ್ಣನ ಮಗ ಬೆಳ್ಳಪ್ಪಂಗೂ ಹಿಂಗೇ ಹೋಗ್ತಿತ್ತು, ಹರೇದ ಹುಡ್ಗಂಗೆ ಏನಾಗತ್ತೆ ಅಂದ್ವಿ, ದೃಷ್ಟಿ ಅಂದ್ವಿ, ಕಂಬಳೀಲಿ ಹೊತ್ಕೊಂಡ್ ಹೋದಾಗ ಡಾಕ್ಟ್ರು ಕೇಳಿದ್ದು ಒಂದೇ ಮಾತು, ಇಷ್ಟ್ ದಿನ ಎಲ್ಲಿದ್ರಿ ಅಂತ. ಈಗ ಅವನಿಗೆ ಎಷ್ಟು ವಯಸ್ಸು ಎಂದು ಕೇಳಿದಳು ಮಾಲಿನಿ. ಇದ್ದಿದ್ರೆ ಇಪ್ಪತ್ತಾರು.

ಹುಂಚದೋರು ಬನ್ನಿ — ಕಾಂಪೌಂಡರ್ ಹೂವಯ್ಯ ಕೂಗಿದ, ಕಾಲು ಎದ್ದವು, ನಡೆದವು, ಒಳಗೆ ಮೇಜು, ಮೇಜಿನಾಚೆ ಡಾಕ್ಟರು ಗಣೇಶಮೂರ್ತಿ, ಈಚೆ ಸ್ಟೂಲಿನಲ್ಲಿ ಅವಳು, ಪಕ್ಕದ ಕುರ್ಚಿಯಲ್ಲಿ ಅತ್ತೆ. ಸೊಂಟದಿಂದ ಜಪಮಾಲೆ ತೆಗೆದು ಮಡಿಲಲ್ಲಿಟ್ಟುಕೊಂಡರು, ಹೆಬ್ಬೆರಳು ಒಂದು ಮಣಿಯನ್ನು ದಾಟಿಸಿತು. ವ್ರತ ಮಾಡಿ ಮಾಡಿ ಸೊರಗಿದಾಳೆ ಡಾಕ್ಟ್ರೇ, ಫಾಲ್ಗುಣದ ಪರ್ವಕ್ಕೆ ಎಂಟು ದಿನ ಉಪವಾಸ ಇದೆ, ಅಷ್ಟರೊಳಗೆ ಶಕ್ತಿ ಬರೋ ಹಂಗೆ ಒಂದು ಟಾನಿಕ್ ಕೊಡಿ. ಡಾಕ್ಟರು ಮಾಲಿನಿಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು, ಬಹಳ ಹೊತ್ತು ನೋಡಿದರು, ರಕ್ತವೇ ಇಲ್ಲವಲ್ಲಮ್ಮ ಮೈಯಲ್ಲಿ, ಎಲ್ಲಿಗೆ ಹೋಗ್ತಿದೆ; ಅತ್ತೆ ಬಾಯಿ ತೆರೆದರು; ನೀವಲ್ಲ, ಅವರು ಹೇಳ್ಲಿ. ಹೆಬ್ಬೆರಳು ಇನ್ನೊಂದು ಮಣಿ. ಎಲ್ಲಿಗೂ ಹೋಗ್ತಿಲ್ಲ ಎನ್ನಬಹುದು, ಎರಡೇ ಪದ, ಸೀಸೆ ತುಂಬುತ್ತದೆ, ಬಸ್ಸು ಹತ್ತಬಹುದು, ಫಾಲ್ಗುಣ ಬರುತ್ತದೆ, ಎಂಟು ದಿನ ನೀರು, ಹೊಟ್ಟೆ ಸುಮ್ಮನಿರುತ್ತದೆ, ಆಮೇಲೆ ವಾಲಗ, ಅಥವಾ ವಾಲಗಕ್ಕೆ ಮುಂಚೆಯೇ — ಇದ್ದಿದ್ದರೆ ಇಪ್ಪತ್ನಾಲ್ಕು. ಇನ್ನೊಂದು ಮಣಿ. ಹೊಟ್ಟೆಯಿಂದ ಹೋಗತ್ತೆ, ಎಂದಿತು ಯಾರದೋ ದನಿ, ಅದು ಅವಳದೇ, ಎಂಟು ತಿಂಗಳಿಂದ, ದಿನಕ್ಕೆ ಏಳೆಂಟು ಸಲ, ನಿದ್ದೇಲೂ ಎಬ್ಬಿಸತ್ತೆ, ಲೋಳೆ ಜೊತೆ ರಕ್ತ, ಉಂಡ್ರೆ ಜಾಸ್ತಿ, ಅದಕ್ಕೇ ಉಣ್ತಿರಲಿಲ್ಲ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತೇನೋ, ಮೆಲ್ಲಗೆ ಹೇಳಿದರು, ಆಮಶಂಕೆ ಇರ್ಬೋದು, ಕರುಳಲ್ಲಿ ಹುಣ್ಣಿರ್ಬೋದು, ಬೇರೆ ಏನಾದ್ರೂ ಇರ್ಬೋದು, ಪರೀಕ್ಷೆ ಮಾಡದೆ ಹೆಸರಿಡೋಕಾಗಲ್ಲ, ಮೊದಲ ಸಲ ರಕ್ತ ಕಂಡಾಗ್ಲೇ ಬರಬೇಕಿತ್ತು, ಇಪ್ಪತ್ಮೂರು ವರ್ಷ ಅಂತ ರೋಗ ದಾರಿ ಬಿಡತ್ತಾ, ನಾಳೇನೇ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಕಾಗದ ಬರ್ಕೊಡ್ತೀನಿ, ಇನ್ನು ಉಪವಾಸದ ಮಾತೆತ್ತಬೇಡಿ. ಅತ್ತೆ ಡಾಕ್ಟರನ್ನು ನೋಡಲಿಲ್ಲ. ಆ ಹತ್ತು ದಿನ, ಎಂದರು, ಆ ಹತ್ತು ದಿನಾನೂ ಇದಕ್ಕೇನಾ ಮಾಲಿನಿ? ಹೂಂ ಅತ್ತೆ. ಅಳು ಬರಬೇಕಿತ್ತು, ಹೆದರಿಕೆಯಾದರೂ, ಏನೂ ಇಲ್ಲ, ಕಾಗದದ ಮೇಲೆ ಲೇಖನಿಯ ಸದ್ದು, ಹೊರಗೆ ಹೂವಯ್ಯ ಯಾರನ್ನೋ ಕರೆಯುವ ಸದ್ದು, ಡಾಕ್ಟರು ತಲೆಯೆತ್ತದೆ ಕೇಳುತ್ತಾರೆ, ಇವರ ಜೊತೆ ಶಿವಮೊಗ್ಗಕ್ಕೆ ಯಾರು ಹೋಗ್ತೀರಿ, ಹೆಸರು ಹೇಳಿ, ಬರೀಬೇಕು — ಮಡಿಲಲ್ಲಿ ಜಪಮಾಲೆ, ಮಣಿಯ ಮೇಲೆ ಅತ್ತೆಯ ಹೆಬ್ಬೆರಳು, ಮುಂದಕ್ಕೆ ದಾಟಿಸಿಲ್ಲ, ಹಿಂದಕ್ಕೂ ಎಳೆದಿಲ್ಲ, ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದ ಹೆಬ್ಬೆರಳು, ಒಂದೇ ಮಣಿ, ಅದರ ಮೇಲೆ ಹೆಬ್ಬೆರಳು, ಕಾಗದದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ.